ಕೋಡಿಯ ತೀರ್ಥ ತಡೆದ ರಾಮಕೃಷ್ಣಪ್ಪ

ರಾಮಕೃಷ್ಣಪ್ಪನವರು ನೆಟ್ಟಗೆ ನಡೆದದ್ದನ್ನು ನಾನು ಕಂಡವನಲ್ಲ. ಕಾಲು ಮುಂದಕ್ಕೆ, ಕತ್ತು ಹಿಂದಕ್ಕೆ. ಬೀಗ ಹಾಕುವುದನ್ನು ಮರೆತು ಮನೆಬಿಟ್ಟವರ ಹಾಗೆ ತಿರುತಿರುಗಿ ನೋಡುತ್ತಲೇ ಹೋಗುವ ನಡಿಗೆ ಅವರದು. ವೈಶಾಖದ ಉರಿಬಿಸಿಲಲ್ಲೂ ಮೈಮೇಲಿಂದ ಇಳಿಯದ ಕಂದು ಉಣ್ಣೆಯ ಕೋಟು. ಕೇಳಿದರೆ, "ಗಾಳೀನ ನಂಬಕ್ಕಾಗಲ್ಲ ಮೇಷ್ಟ್ರೇ" ಎಂಬ ಉತ್ತರ. ಅವರು ನಂಬದ ವಸ್ತುಗಳಲ್ಲಿ ಯಲಹಂಕದ ರೈಲು, ಹೋಟೆಲಿನ ಚಟ್ನಿ, ನನ್ನ ಕೈಗಡಿಯಾರ ಇವೆಲ್ಲವೂ ಸೇರಿದ್ದವು. ಇಂಥ ಪುಕ್ಕಲರನ್ನು ಹುಡುಕಿ ಹುಡುಕಿ ನಮ್ಮೂರಿಗೇ ಕಳಿಸಿದರಲ್ಲ ಎಂದು ನಾವು ಹಣೆ ಚಚ್ಚಿಕೊಂಡಿದ್ದೆವು.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಅವರು ಓವರ್‌ಸಿಯರ್ ಆಗಿ ಯಲಹಂಕದಾಚೆಯ ನಮ್ಮ ಹಳ್ಳಿಗೆ ಬಂದರು. ಕೆರೆಯ ಮೇಲುಭಾಗದಲ್ಲಿ ಆಗಷ್ಟೇ ಎದ್ದಿದ್ದ ಕಾಲೋನಿಯ ಬಚ್ಚಲು, ಕಕ್ಕಸುಗಳ ನೀರನ್ನು ಹೊಂಡಗಳಲ್ಲಿ ತಡೆದು ನಿಲ್ಲಿಸಿ, ಬಿಸಿಲಿಗೆ ತಿಳಿಯಾದ ಮೇಲೆ ಹುಲ್ಲುಗಾವಲಿಗೆ ಹಾಯಿಸುವುದು ಅವರ ಕೆಲಸ. ಹೊಂಡಕ್ಕೂ ಕೆರೆಗೂ ನಡುವೆ ಇದ್ದದ್ದು ಒಂದು ಮಣ್ಣಿನ ಬದು ಮಾತ್ರ. ನಾವು ಕುಡಿಯುತ್ತಿದ್ದುದು ಆ ಕೆರೆಯ ನೀರನ್ನೇ. ಊರು ಸುಮ್ಮನೆ ಒಪ್ಪೀತೇ? ಕೊನೆಗೆ ಅವರು ಊರಿಗೆಲ್ಲ ಹಿರಿಯಳಾದ ದೊಡ್ಡಮುನಿಯಮ್ಮನ ಜಗಲಿಯ ಮೇಲೆ ಕುಳಿತು, "ಒಂದು ತೊಟ್ಟೂ ನಿಮ್ಮ ಕೆರೆಗೆ ಬೀಳಕ್ಕೆ ಬಿಡಲ್ಲ ಕಣಮ್ಮ, ಇದು ನನ್ನ ಮಾತು" ಎಂದರು. ಆಕೆ ಹೂಂ ಎಂದಳು, ಊರೂ ಹೂಂ ಎಂದಿತು. ಅಂದಿನಿಂದ ಮೋಡ ಕಟ್ಟಿದರೆ ಸಾಕು, ಬದುವಿನ ಮೇಲೆ ಕೊಡೆ ಹಿಡಿದು ಅತ್ತಿಂದಿತ್ತ ತಿರುಗುವ ಆ ಕೋಟು ಕಾಣುತ್ತಿತ್ತು.

ಒಂದು ವರ್ಷ ಹಿಂಗಾರು ಎಡೆಬಿಡದೆ ಹೊಯ್ದು, ಬಹುಕಾಲದ ಮೇಲೆ ಕೆರೆ ಕೋಡಿ ಬಿತ್ತು. ತುಂಬಿದ ಕೆರೆ ಕೋಡಿಯಲ್ಲಿ ಹರಿದಾಗ ಗಂಗಮ್ಮನಿಗೆ ಪೂಜೆ ಸಲ್ಲಿಸಿ, ಆ ನೀರನ್ನೇ ಚೆಂಬಿನಲ್ಲಿ ಹಿಡಿದು, ಮುದುಕರಿಂದ ಎಳೆಗೂಸಿನವರೆಗೆ ಎಲ್ಲರೂ ತೀರ್ಥ ತೆಗೆದುಕೊಳ್ಳುವುದು ನಮ್ಮೂರ ಪದ್ಧತಿ. ಪೂಜಾರಿ ನರಸಯ್ಯ ಚೆಂಬನ್ನು ದೊಡ್ಡಮುನಿಯಮ್ಮನ ಕೈಗಿಟ್ಟಿದ್ದ. ಮೊದಲ ಗುಟುಕು ಆಕೆಯದು. ಅಷ್ಟರಲ್ಲಿ ಕೆಸರಿನಲ್ಲಿ ಜಾರುತ್ತ, ಏಳುತ್ತ ರಾಮಕೃಷ್ಣಪ್ಪ ಓಡಿಬಂದರು.

"ಕುಡೀಬೇಡಿ! ಯಾರೂ ಬಾಯಿಗೆ ಹಾಕ್ಬೇಡಿ!"

"ಯಾಕಪ್ಪ, ಇಂಗೆ ಓಡ್ಬಂದೆ?" ಎಂದಳು ಮುದುಕಿ.

"ಏಡಿ ಬಿಲ ತೋಡಿ ಬದು ಒಸರ್ತಾ ಇದೆ. ಹೊಂಡದ ನೀರು ಕೆರೆಗೆ ಸೇರಿದೆಯೋ ಇಲ್ವೋ, ನನಗೆ ಗೊತ್ತಿಲ್ಲ."

ನರಸಯ್ಯ ಸಿಡಿದ: "ಗೊತ್ತಿಲ್ದೇನೆ ಗಂಗಮ್ಮನ ತೀರ್ಥ ನಿಲ್ಲಿಸ್ತೀರಾ?"

"ಗೊತ್ತಿಲ್ಲ ಅಂತಾನೇ ನಿಲ್ಲಿಸ್ತಿರೋದು ಕಣ್ರೀ. ಕೂಸುಗಳು ಕುಡಿಯೋ ನೀರು!"

ನನ್ನ ಮಗಳೂ ಅಲ್ಲೇ ಅಂಗೈ ಚಾಚಿ ನಿಂತಿದ್ದಳು. ನಾನು ಅವಳ ಕೈ ಹಿಡಿದು ಹಿಂದಕ್ಕೆಳೆದುಕೊಂಡೆ. ದೊಡ್ಡಮುನಿಯಮ್ಮ ರಾಮಕೃಷ್ಣಪ್ಪನವರ ಮುಖವನ್ನೇ ನೋಡಿದಳು.

"ನೀನು ಮಾತು ಕೊಟ್ಟಿದ್ದೆ."

"ಕೊಟ್ಟಿದ್ದೆ ಕಣಮ್ಮ. ಉಳಿಸ್ಕೊಳ್ಳಕ್ಕಾಗ್ಲಿಲ್ಲ."

ಆಕೆ ಮತ್ತೇನೂ ಕೇಳದೆ ಚೆಂಬನ್ನು ವಾಲಿಸಿ ನೀರನ್ನು ನೆಲಕ್ಕೆ ಚೆಲ್ಲಿದಳು. ತೀರ್ಥವಿಲ್ಲದೆ ಪೂಜೆ ಮುಗಿದದ್ದು ನಮ್ಮೂರಲ್ಲಿ ಅದೇ ಮೊದಲು.

ಅಂದೇ ಜೇಡಿಮಣ್ಣು ತುಳಿದು ಬದುವಿನ ಬಿಲ ಮುಚ್ಚಿದ್ದಾಯಿತು. ದೂರದ ತೋಟದ ಬಾವಿಯಿಂದ ನೀರು ಹೊರುತ್ತ ಊರಿಗೆ ಊರೇ ವಾಂತಿಭೇದಿಯ ಭಯದಲ್ಲಿ ದಿನ ನೂಕಿತು. ಒಬ್ಬರಿಗೂ ಕಾಯಿಲೆಯಾಗಲಿಲ್ಲ. ಸರಿ, ಶುರುವಾಯಿತು ನೋಡಿ: ಸುಳ್ಳೇ ಹೆದರಿಸಿ ಗಂಗಮ್ಮನ ಪೂಜೆ ಕೆಡಿಸಿದ ಮನುಷ್ಯ ಎಂದು ಜನ ಅವರಿಗೆ ನಮಸ್ಕಾರ ಹೇಳುವುದನ್ನೇ ಬಿಟ್ಟರು. ನನಗೆ ತಡೆಯಲಾಗದೆ ಒಮ್ಮೆ ಕೇಳಿಯೇಬಿಟ್ಟೆ, ನೀರು ಕೆಟ್ಟಿತ್ತೋ ಇಲ್ಲವೋ ಎಂದು. "ಅದು ಇವತ್ತಿಗೂ ತಿಳೀಲಿಲ್ಲ ಮೇಷ್ಟ್ರೇ" ಎಂದವರ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ.

ಬಂದ ಕಾಯಿಲೆಯನ್ನು ವಾಸಿಮಾಡಿದ ವೈದ್ಯನಿಗೆ ಲೋಕ ಕೈಮುಗಿಯುತ್ತದೆ; ಬಾರದೆ ಹೋದ ಕಾಯಿಲೆಗೆ ಯಾರಿಗೆಂದು ಕೈಮುಗಿದೀತು? ಊರಿನ ಪರವಾಗಿ ಒಬ್ಬರೇ ಹೆದರುವ ಇಂಥವರ ಪಾಡೇ ಇಷ್ಟು. ಏನೂ ಆಗಲಿಲ್ಲವಲ್ಲ ಎಂದು ಊರು ಬೈಯುತ್ತದೆ. ಏನೂ ಆಗಲಿಲ್ಲವಲ್ಲ ಎಂದು ಇವರು ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ.