ನಾನಿದ್ದರೆ ಮಾತ್ರ ಬರುವ ಸಿಗ್ನಲ್

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುತ್ತಾಳೆ. ಇರಲಿ ಬಿಡಿ. ತುಮಕೂರಿನ ಒಂದು ಸಣ್ಣ ಇಂಟರ್‌ನೆಟ್ ಕಂಪನಿಗಾಗಿ ಹಳ್ಳಿಹಳ್ಳಿ ಸುತ್ತಿ ಮಹಡಿ ಹತ್ತುವವಳಿಗೆ ಅಷ್ಟಾದರೂ ಕೋಪ ಬೇಡವೇ? ಇಲ್ಲದಿದ್ದರೆ ಮಕ್ಕಳು ಸ್ವಿಚ್ ಆರಿಸಿದ್ದಕ್ಕೂ "ಅನನ್ಯ ಮೇಡಂ, ನೆಟ್ ಹೋಯ್ತು" ಎಂದು ಫೋನ್ ಮಾಡುತ್ತಾರೆ. ಆದರೆ ಕೊತ್ತಗೆರೆಯ ತಿಮ್ಮೇಶನ ತೋಟದ ಮನೆ ಮಾತ್ರ ನನ್ನ ಕೋಪಕ್ಕೂ ಬಗ್ಗಲಿಲ್ಲ.

ಆ ಮನೆಗೆ ತಂತಿ ಎಳೆಯಲು ಆಗುವುದಿಲ್ಲ, ದೂರ. ಹಾಗಾಗಿ ಊರೊಳಗೆ ಆಂಜನಪ್ಪನವರ ಅಂಗಡಿಯ ಮೇಲೆ ಒಂದು ಪುಟ್ಟ ಡಿಶ್, ತೋಟದ ಮನೆಯ ತಾರಸಿಯ ಮೇಲೆ ಇನ್ನೊಂದು. ಎರಡೂ ಮುಖಾಮುಖಿ ನೋಡಿಕೊಂಡಿದ್ದರೆ ನೆಟ್ ಗಾಳಿಯಲ್ಲೇ ದಾಟಿ ಬರುತ್ತದೆ. ವೈರ್‌ಲೆಸ್ ಬ್ರಿಡ್ಜ್ ಅಂದರೆ ಇಷ್ಟೇ. ನಡುವೆ ಏನೂ ಅಡ್ಡ ಇರಬಾರದು. ಇಲ್ಲಿ ನಡುವೆ ಇದ್ದದ್ದು ಮೊಣಕಾಲೆತ್ತರದ ರಾಗಿ ಹೊಲ ಮಾತ್ರ.

ತಿಮ್ಮೇಶನ ಹೆಂಡತಿ ಶಾಂತಲಾ ಮನೆಯಲ್ಲೇ ಕೂತು ಒಂದು ಇನ್ಶೂರೆನ್ಸ್ ಕಂಪನಿಯ ಗ್ರಾಹಕರ ಜೊತೆ ಮಾತಾಡುವ ಕೆಲಸ ಮಾಡುತ್ತಿದ್ದಳು. ತುಂಬಿದ ಬಸುರಿ. ಆಯುಧಪೂಜೆ ಕಳೆದಾಗಿನಿಂದ ಮಾತಿನ ನಡುವೆಯೇ ಲೈನು ಕಡಿದು ಹೋಗುತ್ತಿತ್ತು. ಈ ವಾರ ಸರಿಹೋಗದಿದ್ದರೆ ಸೋಮವಾರದಿಂದ ತುಮಕೂರಿನ ಆಫೀಸಿಗೇ ಬರಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಅವಳ ಮ್ಯಾನೇಜರ್ ಹೇಳಿಬಿಟ್ಟಿದ್ದರು.

"ದಿನಾ ಬಸ್ಸಲ್ಲಿ ಓಡಾಡ್ಬೇಡ ಅಂತ ಡಾಕ್ಟ್ರು ಹೇಳವ್ರೆ ಮೇಡಂ. ಕೆಲಸ ಬಿಡೋಕೆ ನಂಗೆ ಮನಸ್ಸಿಲ್ಲ," ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅವಳು ನನ್ನನ್ನೇ ನೋಡುತ್ತಾ ನಿಂತಳು, ನನಗೆ ನಿಜಕ್ಕೂ ಸಂಕಟವಾಯಿತು.

ಆ ಮೊದಲ ಸಲ ಫೋನ್ ಮಾಡಿ ಹೇಳಿಯೇ ಹೋಗಿದ್ದೆ. ತಾರಸಿ ಹತ್ತಿ ನೋಡಿದರೆ ಸಿಗ್ನಲ್ ಭರ್ತಿ! ಎಲ್ಲೂ ಒಂದು ದೋಷವಿಲ್ಲ. ಬರಿಗೈಲಿ ಬರಬಾರದಲ್ಲ ಎಂದು ಅಡಾಪ್ಟರ್ ಬದಲಾಯಿಸಿದೆ. ಸ್ಕೂಟರ್ ಕುಣಿಗಲ್ ಮುಟ್ಟುವಷ್ಟರಲ್ಲಿ ತಿಮ್ಮೇಶನ ಫೋನು. "ಹೋಯ್ತು ಮೇಡಂ."

ಎರಡನೇ ಸಲವೂ ಹೇಳಿಯೇ ಹೋಗಿ ಕೇಬಲ್ಲು, ಕನೆಕ್ಟರು ಎಲ್ಲ ಹೊಸದು ಹಾಕಿದೆ. ಡಿಶ್ ಅಲುಗದಂತೆ ಬೋಲ್ಟ್ ಬಿಗಿದೆ, ಸಿಗ್ನಲ್‌ನ ಚಾನೆಲ್ ಬದಲಿಸಿದೆ. ನಾನಿದ್ದಷ್ಟು ಹೊತ್ತು ನೆಟ್ ಕುದುರೆಯ ಹಾಗೆ ಓಡಿತು. ತಿಮ್ಮೇಶನ ತಾಯಿ ರೇವಮ್ಮ ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟು, "ನಿನ್ ಕೈಗುಣ ಚೆಂದಾಗೈತೆ ಕಣವ್ವ, ನೀ ಮುಟ್ಟುದ್ರೆ ಬರ್ತೈತೆ," ಎಂದರು. ನಾನೂ ಉಬ್ಬಿದೆ. ತುಮಕೂರಿಗೆ ಬಂದು ಆಫೀಸಿನ ಲ್ಯಾಪ್‌ಟಾಪ್ ತೆರೆದರೆ, ನಾನು ಆ ಮನೆ ಬಿಟ್ಟ ಸ್ವಲ್ಪ ಹೊತ್ತಿಗೇ ಸಿಗ್ನಲ್ ನೆಲ ಕಚ್ಚಿತ್ತು.

"ನೀನು ಅಲ್ಲೇ ಇದ್ಬಿಡೇ, ಊಟನೂ ಹಾಕ್ತಾರೆ," ಎಂದು ಜೊತೆ ಕೆಲಸ ಮಾಡುವ ಕಿಟ್ಟು ಹಲ್ಲು ಕಿರಿದ. ನನ್ನ ಮೈ ಉರಿದುಹೋಯಿತು. ಮಾರನೆಯ ದಿನ ಶನಿವಾರ. ಸೋಮವಾರದೊಳಗೆ ಉಳಿದದ್ದು ಅದೊಂದೇ ಅವಕಾಶ. ಗುಬ್ಬಿಯಲ್ಲಿ ನನಗಿದ್ದ ಕೆಲಸವನ್ನು ಅದೇ ಕಿಟ್ಟುವಿನ ತಲೆಗೆ ಕಟ್ಟಿ, ನಾನಿಲ್ಲದಾಗ ಅಲ್ಲಿ ಏನಾಗುತ್ತದೋ ನೋಡೇಬಿಡೋಣ ಎಂದು ಈ ಸಲ ಯಾರಿಗೂ ಹೇಳದೆ ಕೊತ್ತಗೆರೆಗೆ ಹೊರಟೆ.

ತೋಟದ ದಾರಿಗೆ ತಿರುಗುತ್ತಿದ್ದಂತೆ ಕಂಡಿತು. ಡಿಶ್‌ನ ಮುಖಕ್ಕೆ ಸರಿಯಾಗಿ, ಕರಿದಾರದ ಬಲೆಯಲ್ಲಿ, ಕುಂಕುಮ ಬಳಿಸಿಕೊಂಡು ಒಂದು ಭಾರಿ ಬೂದುಗುಂಬಳಕಾಯಿ ತೂಗಾಡುತ್ತಿತ್ತು! ಪಕ್ಕದಲ್ಲಿ ರೇವಮ್ಮ ಊದಿನಕಡ್ಡಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಇರಬೇಕು.

ನಾನು ಮೆಟ್ಟಿಲು ಹತ್ತಿದ್ದಲ್ಲ, ಹಾರಿದ್ದು. "ಅಮ್ಮಾ! ಇದ್ಯಾವಾಗಿಂದ ಕಟ್ಟಿದೀರಾ?"

ರೇವಮ್ಮ ಬೆಚ್ಚಿದರು. "ಆಯುಧಪೂಜೆ ದಿನ ಕಣವ್ವ. ಟ್ರ್ಯಾಕ್ಟರ್‌ಗೆ ಕಟ್ಟಿ, ಇದಕ್ಕೆ ಕಟ್ದೆ ಇರೋಕಾಯ್ತದಾ? ನನ್ ಸೊಸೆ ಅನ್ನ ಇದ್ರಲ್ಲೇ ಐತೆ. ಆಮೇಲೆ ನೆಟ್ಟು ಕೆಡೋಕೆ ಶುರುವಾಯ್ತು. ದೃಷ್ಟಿ ಜೋರಾಗೇ ಬಿದ್ದೈತೆ ಅಂತ ಇನ್ನೂ ದೊಡ್ ಕಾಯಿ ಕಟ್ದೆ."

"ಮತ್ತೆ ನಾನು ಬಂದಾಗ ಇರಲಿಲ್ವಲ್ಲ?"

"ತಿಮ್ಮೇಶ ನಗಾಡಿದ್ದ. ಓದಿರೋ ಹೆಣ್ಮಗ್ಳು, ನೀನೂ ನಗ್ತೀಯೇನೋ ಅಂತ ನೀ ಬರೋ ಹೊತ್ಗೆ ಬಿಚ್ಚಿಡ್ತಿದ್ದೆ. ನೀ ಹೋದ್ಮೇಲೆ ಕಟ್ತಿದ್ದೆ."

ಬಯ್ಯಲು ಬಾಯಿ ತೆರೆದವಳು ಕಾಯಿಯನ್ನು ಬೆರಳಿನಿಂದ ತಟ್ಟಿದೆ. ಮೆಲ್ಲಗೆ ಹೇಳಿದೆ: "ಅಮ್ಮಾ, ಈ ಕಾಯಿ ತುಂಬ ಬರೀ ನೀರು. ಸಿಗ್ನಲ್‌ಗೆ ಇದು ಗೋಡೆ ಇದ್ದಂಗೆ. ದೊಡ್ಡದು ಕಟ್ಟಿದಷ್ಟೂ ದೊಡ್ಡ ಗೋಡೆ."

ರೇವಮ್ಮ ಕಾಯಿಯನ್ನು ನೋಡಿದರು, ಡಿಶ್ ನೋಡಿದರು, ಅಲ್ಲೇ ಕೂತುಬಿಟ್ಟರು. ಸದ್ದು ಕೇಳಿ ಶಾಂತಲಾ ಗೋಡೆ ಹಿಡಿದುಕೊಂಡು ನಿಧಾನವಾಗಿ ಮೇಲೆ ಬಂದಳು. ನಾನು ಮಾತು ತೇಲಿಸಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ರೇವಮ್ಮನೇ ಹೇಳಿಬಿಟ್ಟರು.

"ನಿನ್ ಕೆಲಸಕ್ಕೆ ಅಡ್ಡ ನಿಂತಿದ್ದು ನಾನೇ ಕಣಮ್ಮಿ. ಈ ಕಾಯಿಂದ್ಲೇ ಲೈನು ಹೋಗ್ತಿತ್ತಂತೆ. ಕಿತ್ತು ತಿಪ್ಪೆಗೆ ಹಾಕ್ತೀನಿ ಬುಡು."

ಶಾಂತಲಾ ಕಾಯಿಯನ್ನೇ ದಿಟ್ಟಿಸಿದಳು. ಅವಳಿಗೆ ಸಿಟ್ಟು ಬಂದಿದ್ದರೆ ತಪ್ಪೇನೂ ಇರಲಿಲ್ಲ, ನನಗಂತೂ ಬರುತ್ತಿತ್ತು. ಅವಳು ನನ್ನ ಕಡೆ ತಿರುಗಿ ಕೇಳಿದಳು: "ಮೇಡಂ, ಡಿಶ್‌ನ ಬೆನ್ನಿಗೆ ಕಟ್ಟಿದ್ರೆ ತೊಂದ್ರೆ ಇಲ್ವಾ?"

"ಬೆನ್ನಿಗೆ ಏನ್ ಬೇಕಾದ್ರೂ ಕಟ್ಕೊಳ್ಳಿ," ಎಂದೆ.

ಕಾಯಿ ಹಿಂದಕ್ಕೆ ಹೋಯಿತು. ಶಾಂತಲಾ ಅಲ್ಲೇ ತಾರಸಿ ಮೇಲೆ ಲ್ಯಾಪ್‌ಟಾಪ್ ತೊಡೆಗಿಟ್ಟುಕೊಂಡು ಮ್ಯಾನೇಜರಿಗೆ ನೆಟ್ ಮೂಲಕವೇ ಕರೆ ಮಾಡಿದಳು. ಮಾತು ನಡೆಯುತ್ತಲೇ ಇತ್ತು, ಒಮ್ಮೆಯೂ ಕಡಿಯಲಿಲ್ಲ. ರೇವಮ್ಮ ಉಸಿರು ಬಿಗಿಹಿಡಿದು ಸೊಸೆಯ ಬಾಯನ್ನೇ ನೋಡುತ್ತಿದ್ದರು. ಕೊನೆಗೆ ಆ ಕಡೆಯ ದನಿ ಕೇಳಿತು, "ಅಂತೂ ಏನ್ರೀ ಆಗಿತ್ತು ಪ್ರಾಬ್ಲಮ್ಮು?"

ರೇವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಏನಿಲ್ಲ ಸಾರ್," ಎಂದಳು ಶಾಂತಲಾ, "ನಮ್ಮತ್ತೆ ಪ್ರೀತಿ ಸ್ವಲ್ಪ ಅಡ್ಡ ಬಂದಿತ್ತು. ಈಗ ಬೆನ್ನಿಗಿದೆ."

ಆ ಮನುಷ್ಯನಿಗೆ ಏನು ಅರ್ಥವಾಯಿತೋ ಕಾಣೆ. ಸರಿ, ಮನೆಯಿಂದಲೇ ಮಾಡಿ ಎಂದರು.