ಪುಟ್ಟಿಯೋ ಗರಗಸವೋ

ಕ್ಲಿನಿಕ್ಕಿನ ಮುಂಗಟ್ಟಿನ ಮೇಜಿಗೆ ಅಂಟಿಸಿದ್ದ ಮೈಕಾ ಒಂದು ಮೂಲೆಯಲ್ಲಿ ಎದ್ದು ನಿಂತಿತ್ತು. ಆ ಇಡೀ ಕಟ್ಟಡದಲ್ಲಿ ತಾನಾಗಿಯೇ ಎದ್ದು ನಿಂತಿದ್ದು ಅದೊಂದೇ ಇರಬೇಕು ಎಂದು ಮೇಸ್ತ್ರಿಗೆ ಅನಿಸಿತು. ಗಂಡಸಿನ ಅತಿ ನಾಜೂಕಾದ ಜಾಗವನ್ನು ತಿದ್ದಿ ಕೊಡುತ್ತೇವೆ ಎಂದು ಗೋಡೆ ತುಂಬ ಬರೆದುಕೊಂಡವರು ತಮ್ಮ ಮೇಜಿನ ಮೂಲೆಗೆ ಒಂದು ತೊಟ್ಟು ಅಂಟು ಹಾಕಿಸಿರಲಿಲ್ಲ. ಮೂವತ್ತು ವರ್ಷ ಬಾಗಿಲು, ಕಿಟಕಿ, ಕಪಾಟು ಮಾಡಿದ ಬಡಗಿಯ ಕೈ ಸುಮ್ಮನಿದ್ದೀತೇ? ಆತ ಹೆಬ್ಬೆರಳಿನಿಂದ ಮೂಲೆಯನ್ನು ಒತ್ತಿ ನೋಡಿದ. ಕೂತಿತು, ಬಿಟ್ಟೊಡನೆ ಮತ್ತೆ ಎದ್ದಿತು.

ಹಜಾರದಲ್ಲಿ ಇನ್ನೂ ನಾಲ್ವರಿದ್ದರು. ಇಬ್ಬರ ನಡುವೆ ಒಂದೊಂದು ಕುರ್ಚಿ ಖಾಲಿ ಬಿಟ್ಟು ಕೂತು, ಎಲ್ಲರೂ ಮೀನಿನ ತೊಟ್ಟಿಯನ್ನೇ ನೋಡುತ್ತಿದ್ದರು. ತೊಟ್ಟಿಯ ಮೀನುಗಳಿಗೇ ನಾಚಿಕೆಯಾಗಿ ಗಿಡದ ಹಿಂದೆ ಸೇರಿಕೊಂಡಿದ್ದವು.

ಒಳಗೆ ಕರೆದವನು ವೈದ್ಯನಲ್ಲ, ಸಲಹೆಗಾರನಂತೆ. ಟೈ ಕಟ್ಟಿದ್ದ, ಮಾತಿಗೆಲ್ಲ ಬೆಣ್ಣೆ ಸವರಿದ್ದ. ನಾವು ಇದನ್ನು ಸಮಸ್ಯೆ ಅನ್ನುವುದಿಲ್ಲ, ಪ್ರಯಾಣ ಅನ್ನುತ್ತೇವೆ ಎಂದು ಶುರು ಮಾಡಿ, ಆತ್ಮವಿಶ್ವಾಸ, ದಾಂಪತ್ಯ, ಹೊಸ ಬೆಳಕು ಎಂದೆಲ್ಲ ಊರು ಸುತ್ತಿಸಿ, ಕೊನೆಗೆ ಮೇಸ್ತ್ರಿ ಗಡಿಯಾರ ನೋಡಿದ ಮೇಲೆ ವಿಷಯಕ್ಕೆ ಬಂದ.

"ಎರಡು ದಾರಿ ಇದೆ ಸರ್. ಒಂದು ಫಿಲ್ಲರ್. ಸೂಜಿಯಲ್ಲಿ ಚರ್ಮದ ಕೆಳಗೆ ಜೆಲ್ ತುಂಬ್ತೀವಿ, ಅರ್ಧ ಗಂಟೆ, ಎದ್ದು ಮನೆಗೆ ಹೋಗ್ಬಹುದು. ಇನ್ನೊಂದು ಸರ್ಜರಿ."

"ಜೆಲ್ ಹಾಕಿದ್ರೆ ಉದ್ದ ಆಗುತ್ತಾ?"

"ದಪ್ಪ ಆಗುತ್ತೆ ಸರ್."

"ನಾನು ಕೇಳಿದ್ದು ಉದ್ದ."

"ದಪ್ಪ ಆದ್ರೆ ಉದ್ದದ ಭಾವನೆ ಬರುತ್ತೆ ಸರ್."

ಬಾಗಿಲು ಗಿಡ್ಡವಾಗಿದೆ ಎಂದು ದೂರು ತಂದ ಗಿರಾಕಿಗೆ, ಇರಲಿ ಬಿಡಿ, ಎತ್ತರದ ಭಾವನೆಯಂತೂ ಬರುತ್ತದಲ್ಲ ಎಂದು ಹೇಳಿದ್ದರೆ ಏನಾಗುತ್ತಿತ್ತು ಎಂದು ಮೇಸ್ತ್ರಿ ಯೋಚಿಸಿದ. ಅದೇ ಬಾಗಿಲು ಬೆನ್ನ ಮೇಲೆ ಬೀಳುತ್ತಿತ್ತು. ಜೆಲ್ಲು ಎಷ್ಟು ದಿನ ಬಾಳುತ್ತದೆ ಎಂದು ಕೇಳಿದ. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ, ಆಮೇಲೆ ಕರಗುತ್ತದೆ, ಮತ್ತೆ ಹಾಕಿಸಿಕೊಳ್ಳಬೇಕು ಎಂಬ ಉತ್ತರ ಬಂತು. ಗಂಟು ಕಟ್ಟುವುದಿಲ್ಲವೇ ಎಂದು ಕೇಳಿದಾಗ ಸಲಹೆಗಾರ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಅಪರೂಪಕ್ಕೆ ಕಟ್ಟಬಹುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲೂಬಹುದು, ಆಗ ಉಜ್ಜಿ ಸರಿ ಮಾಡುತ್ತೇವೆ ಎಂದ.

ಮೇಸ್ತ್ರಿಗೆ ಅರ್ಥವಾಗಿ ಹೋಯಿತು. ಇದು ಪುಟ್ಟಿ ಕೆಲಸ. ಮರಕ್ಕೆ ಮರ ಕೂಡದೆ ಸಂದು ಬಿಟ್ಟಾಗ, ಹೊಟ್ಟಿಗೆ ಅಂಟು ಕಲಸಿ ತುಂಬಿ, ಮೇಲೆ ಪಾಲಿಶ್ ಎಳೆದುಬಿಡುವ ಕಳ್ಳ ಕೆಲಸ. ಅದು ಬಿರುಕು ಬಿಟ್ಟು ಗಿರಾಕಿಯ ಕಣ್ಣಿಗೆ ಬೀಳುವ ಹೊತ್ತಿಗೆ ಬಡಗಿ ಬೇರೆ ಬೀದಿಯಲ್ಲಿರುತ್ತಾನೆ. ಇಲ್ಲಿ ಗಿರಾಕಿಯೂ ತಾನೇ, ಬಾಗಿಲೂ ತಾನೇ. ಯಾವ ಬೀದಿಗೆಂದು ಓಡುವುದು?

"ಸರ್ಜರಿ ಹೇಳಿ."

ಸಲಹೆಗಾರ ಒಂದು ಚಿತ್ರ ತೋರಿಸಿದ. ಒಳಗೆ ಮೂಳೆಗೆ ಬಿಗಿದಿರುವ ಒಂದು ಪಟ್ಟಿ ಇರುತ್ತದೆ, ಅದನ್ನು ಕತ್ತರಿಸಿದರೆ ಒಳಗೆ ಅಡಗಿದ ಭಾಗ ಈಚೆ ಬರುತ್ತದೆ ಎಂದು ವಿವರಿಸಿದ.

"ಅಂದ್ರೆ ಹೊಸ ಮರ ಸೇರಿಸಲ್ಲ," ಎಂದ ಮೇಸ್ತ್ರಿ. "ಗೋಡೆ ಒಳಗಿರೋ ಗೂಟಾನ ಸಡಿಲ ಮಾಡಿ ಈಚೆ ಎಳೀತೀರಿ."

"ಎಷ್ಟು ಚೆನ್ನಾಗಿ ಹೇಳಿದ್ರಿ ಸರ್."

"ಸಡಿಲ ಆದ ಗೂಟಕ್ಕೆ ಕೋಟು ನೇತು ಹಾಕಿದ್ರೆ ನಿಲ್ಲುತ್ತಾ?"

ಸಲಹೆಗಾರ ನೀರು ಕುಡಿದ.

ಹೀಗೆಲ್ಲ ಕೊಂಕು ತೆಗೆದವನು ಎದ್ದು ಹೊರಟುಬಿಡಬಹುದಿತ್ತು. ಆದರೆ ಗರಜು ಯಾರದು? ಪುಟ್ಟಿಗಿಂತ ಗರಗಸ ವಾಸಿ, ಮಾಡಿದರೆ ಮರದ ಕೆಲಸವೇ ಆಗಲಿ ಎಂದು ಸೋಮವಾರಕ್ಕೆ ಹೆಸರು ಬರೆಸಿದ. ಅರ್ಜಿಯಲ್ಲಿ 'ಈಗಿನ ಅಳತೆ' ಎಂಬ ಕಡೆ ನಾಲ್ಕೂಕಾಲು ಇಂಚು ಎಂದು ಬರೆದ. ಅದನ್ನು ಓದಿ ಸಲಹೆಗಾರ ನಾಲಿಗೆಯಲ್ಲಿ "ತ್ಚು" ಎಂದ. ಅಷ್ಟು ಹೊತ್ತು ಆಡಿದ ಮಾತಿನಲ್ಲಿ ಪ್ರಾಮಾಣಿಕವಾದದ್ದು ಆ "ತ್ಚು" ಒಂದೇ. ಅಳತೆ ನಿಜವೋ ಸುಳ್ಳೋ ಎಂದು ಯಾರೂ ನೋಡಲಿಲ್ಲ. ಅಳೆಯದೆ ಕೊಯ್ಯುವವರನ್ನು ಮೇಸ್ತ್ರಿ ಜೀವಮಾನದಲ್ಲಿ ಮೊದಲ ಸಲ ಕಂಡ.

ಇಷ್ಟಕ್ಕೂ ನಲವತ್ತಾರು ವರ್ಷದ ಗೃಹಸ್ಥನಿಗೆ ಈ ವಯಸ್ಸಿನಲ್ಲಿ ಈ ಹುಳ ಹೊಕ್ಕಿದ್ದು ಹೇಗೆ? ಎಂಟು ತಿಂಗಳ ಹಿಂದೆ ಹೆಂಡತಿಯ ಗರ್ಭಕೋಶ ತೆಗೆಸಬೇಕಾಯಿತು. ಆರು ವಾರ ಬೇರೆ ಮಲಗಿ ಎಂದು ಆಸ್ಪತ್ರೆಯವರು ಹೇಳಿದರು. ಆಕೆ ನಡುಮನೆಯ ಮಂಚಕ್ಕೆ ಹೋದಳು. ಆರು ವಾರ ಹತ್ತಾಯಿತು, ಹತ್ತು ಇಪ್ಪತ್ತಾಯಿತು, ಆಕೆ ಮರಳಿ ಬರಲಿಲ್ಲ. ಬಾ ಎಂದು ಕರೆದರೆ ನೋಯಿಸಿದಂತಾದೀತು ಎಂದು ಆತ ಕರೆಯಲಿಲ್ಲ. ಮನೆಯಲ್ಲಿ ಮಾತು ಉಪ್ಪು, ಸೊಪ್ಪು, ಗ್ಯಾಸಿನ ಸಿಲಿಂಡರಿಗೆ ಬಂದು ನಿಂತಿತು.

ಆ ಹೊತ್ತಿಗೆ ಸರಿಯಾಗಿ ಬಾಮೈದ ಬಂದ. ಸ್ನಾನದ ಮನೆಯ ನಲ್ಲಿ, ಶವರು ಮಾರುವವನು, ಮಾತು ತಿರುವಿದರೆ ನಿಲ್ಲದ ನಲ್ಲಿ. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎನ್ನುತ್ತಾರಲ್ಲ, ತಾನು ಫಿಲ್ಲರ್ ಹಾಕಿಸಿಕೊಂಡ ಸುದ್ದಿಯನ್ನು ಭಾವನ ಕಿವಿಯಲ್ಲಿ ಊದಿ, ತನ್ನ ನಡಿಗೆಯೇ ಬದಲಾಗಿದೆ ಎಂದು ಕೋಣೆಯ ಉದ್ದಕ್ಕೂ ನಡೆದು ತೋರಿಸಿದ. ತೊಡೆಗಳ ನಡುವೆ ತುಂಬಿದ ಕೊಡ ಇಟ್ಟುಕೊಂಡು ಚೆಲ್ಲದಂತೆ ಒಯ್ಯುವವನ ನಡಿಗೆ ಅದು. ಹೋಗುವಾಗ ಒಂದು ಮಾತು ಬಿಟ್ಟು ಹೋದ. "ಹೆಂಗಸರು ಬಾಯಿಬಿಟ್ಟು ಹೇಳಲ್ಲ ಭಾವ. ಸಹಿಸ್ಕೋತಾರೆ. ನೆಪ ಸಿಕ್ಕಿದ ದಿನ ಹಾಸಿಗೆ ಬೇರೆ ಮಾಡ್ಕೋತಾರೆ."

ನೆಪ! ಮೇಸ್ತ್ರಿಯ ಎದೆಯಲ್ಲಿ ಮೊಳೆ ಹೊಡೆದಂತಾಯಿತು. ಮರುದಿನವೇ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಟೇಪು ಕದ್ದು, ಬಚ್ಚಲ ಮನೆಯ ಚಿಲಕ ಹಾಕಿಕೊಂಡು, ಹಾಗೂ ಹೀಗೂ ಮನಸ್ಸನ್ನು ಒಪ್ಪಿಸಿ ಅಳೆದ. ನಾಲ್ಕೂಕಾಲು. ಇಪ್ಪತ್ತು ವರ್ಷದ ಸಂಸಾರದ ಕಥೆಯೆಲ್ಲ ಆ ಒಂದು ಅಂಕಿಯಿಂದ ಅರ್ಥವಾದಂತೆ ಅನಿಸಿತು.

ಕ್ಲಿನಿಕ್ಕಿನಿಂದ ಬಂದ ಮೂರನೆಯ ದಿನ ಆತ ದೊಡ್ಡ ಆಸ್ಪತ್ರೆಗೆ ಹೋದ. ಯಾವ ಮರವನ್ನೂ ಇನ್ನೊಬ್ಬನ ಕಣ್ಣಿಗೆ ತೋರಿಸದೆ ಕೊಯ್ಯಬಾರದು ಎನ್ನುವುದು ಅವನ ಕಸುಬಿನ ನಿಯಮ. ಅಲ್ಲಿನ ಮೂತ್ರರೋಗದ ಡಾಕ್ಟರು ಮುದುಕರು. ಬೆಣ್ಣೆ ಬಿಡಿ, ಅವರ ಮಾತಿಗೆ ಉಪ್ಪೂ ಇರಲಿಲ್ಲ. ಪ್ಯಾಂಟು ಇಳಿಸಲು ಹೇಳಿ, ಹಿಡಿದೆಳೆದು, ಮೂಳೆಗೆ ಒತ್ತಿ ಹಿಡಿದ ಸ್ಕೇಲಿನಲ್ಲಿ ಅಳೆದು, ಕೈ ತೊಳೆದುಕೊಂಡು, ಮೇಸ್ತ್ರಿ ತನ್ನ ಅಳತೆ ಬರೆದು ತಂದಿದ್ದ ಚೀಟಿಯನ್ನು ನೋಡಿದರು.

"ನಾಲ್ಕೂಕಾಲು ಅಂತ ಯಾರು ಹೇಳಿದ್ದು?"

"ನಾನೇ ಅಳೆದೆ ಡಾಕ್ಟ್ರೇ."

"ಐದೂಕಾಲು ಇದೆ. ಹೇಗೆ ಅಳೆದ್ರಿ, ತೋರಿಸಿ. ಇದರ ಮೇಲೆ," ಎಂದು ಮೇಜಿನ ಮೇಲಿದ್ದ ಪೆನ್ನನ್ನು ಮುಂದೆ ತಳ್ಳಿದರು.

ಮೇಸ್ತ್ರಿ ಸ್ಕೇಲಿನ ತುದಿಯನ್ನು ಪೆನ್ನಿನ ಬುಡಕ್ಕೆ ಇಟ್ಟ. ತಲೆಯ ಕಡೆ ನೋಡಿದ. "ಐದೂವರೆ," ಎಂದ. ಅದೇ ಉಸಿರಿನಲ್ಲಿ, "ಅಂದ್ರೆ ನಾಲ್ಕೂವರೆ," ಎಂದ.

"ಒಂದು ಎಲ್ಲಿ ಹೋಯ್ತು?"

"ಕಳೀಬೇಕಲ್ಲ ಡಾಕ್ಟ್ರೇ."

ಹೇಳಿದ ಮೇಲೆ ಅವನ ಬಾಯಿ ಹಾಗೆಯೇ ತೆರೆದು ಉಳಿಯಿತು. ಕಸುಬು ಕಲಿಸಿದ ಗುರು ಮೊದಲ ದಿನ ಹೇಳಿಕೊಟ್ಟಿದ್ದು ಅದನ್ನೇ. ಉಕ್ಕಿನ ಟೇಪಿನ ತುದಿಯ ಕೊಕ್ಕೆ ಬಿದ್ದು ಬಿದ್ದು ಸಡಿಲವಾಗಿರುತ್ತದೆ, ಅದನ್ನು ನಂಬಬೇಡ. ಒಂದನೇ ಇಂಚಿನ ಗೆರೆಯಿಂದ ಹಿಡಿ, ಬಂದ ಲೆಕ್ಕದಲ್ಲಿ ಒಂದು ಕಳೆ. ಮೂವತ್ತು ವರ್ಷದಿಂದ ಅವನ ಕಾರ್ಖಾನೆಯಲ್ಲಿ ಎಲ್ಲರೂ ಒಂದರಿಂದ ಹಿಡಿದು ಒಂದು ಕಳೆಯುತ್ತಾರೆ. ಬಚ್ಚಲಿನಲ್ಲಿ ಮಾತ್ರ ಬಟ್ಟೆಯ ಟೇಪಿನ ತುದಿಯನ್ನೇ ಒತ್ತಿ ಹಿಡಿದಿದ್ದ. ಕೈ ತುದಿಯಿಂದ ಹಿಡಿಯಿತು, ನಾಲಿಗೆ ರೂಢಿಯಂತೆ ಒಂದು ಕಳೆಯಿತು. ತನ್ನದೇ ಆಸ್ತಿಯಲ್ಲಿ ಒಂದಿಂಚು ಒತ್ತುವರಿ ಮಾಡಿ, ಅದನ್ನು ಬಿಡಿಸಲು ತಾನೇ ಕತ್ತಿಗೆ ಕೊರಳು ಕೊಟ್ಟಿದ್ದ. ಕೊರಳು ಎಂದರೂ ಆದೀತು.

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಕ್ಕು ಮುಗಿದ ಮೇಲೆ ಉಳಿದದ್ದನ್ನು ನೆಟ್ಟಗೆ ಹೇಳಿದರು. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರ ಅಳತೆ ಎಲ್ಲರ ಹಾಗೆಯೇ ಇರುತ್ತದೆ, ಕಡಿಮೆಯಿರುವುದು ಧೈರ್ಯ. ಜೆಲ್ಲು ದಪ್ಪ ಮಾಡೀತು, ಉದ್ದ ಮಾಡದು, ಗಂಟಾದರೆ ಕರಗಿಸಲು ಇನ್ನೊಂದು ಸೂಜಿ. ಪಟ್ಟಿ ಕತ್ತರಿಸಿದರೆ ಜೋತು ಬಿದ್ದಾಗ ಸ್ವಲ್ಪ ಉದ್ದ ಕಂಡೀತು, ಕೆಲಸದ ಹೊತ್ತಿನಲ್ಲಿ ಅದೇ ಹಳೇ ಅಳತೆ, ಮೇಲಾಗಿ ಆಧಾರ ಹೋಗಿ ಅಲ್ಲಾಡೀತು. ಗಾಯ ಎಳೆದುಕೊಂಡು ಮಾಗಿದರೆ ಇದ್ದದ್ದೂ ಗಿಡ್ಡವಾದೀತು. "ನಿಜವಾದ ಕಾಯಿಲೆ ಇದ್ದೋರಿಗೆ ಬೇರೆ ಮಾತು. ನಿಮಗೆ ಎರಡೂ ಬೇಡ," ಎಂದು ಚೀಟಿ ಹರಿದು ಹಾಕಿದರು.

ಮೇಸ್ತ್ರಿ ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಬಸ್ ನಿಲ್ದಾಣದವರೆಗೂ ಎದೆ ಉಬ್ಬಿಸಿಕೊಂಡೇ ನಡೆದ. ಸಿಕ್ಕಿದ ಒಂದಿಂಚನ್ನು ಯಾರಿಗೆ ಹೇಳಲಿ ಎಂದು ಅತ್ತಿತ್ತ ನೋಡಿದ. ಬಸ್ಸು ಬರುವಷ್ಟರಲ್ಲಿ ಉಬ್ಬಿದ್ದೆಲ್ಲ ಇಳಿಯಿತು.

ಅಳತೆ ಸರಿ ಇದ್ದರೆ ತಪ್ಪು ಎಲ್ಲಿದೆ? ಗಿಡ್ಡವೆಂದು ಆಕೆ ನಡುಮನೆಯಲ್ಲಿ ಉಳಿದಿರಲಿಲ್ಲವೆಂದರೆ, ಮತ್ತೆ ಯಾಕೆ ಉಳಿದಳು? ಯಾಕೆ ಬರಲಿಲ್ಲ? ನಾಲ್ಕೂಕಾಲಿಗೆ ಪುಟ್ಟಿಯೋ ಗರಗಸವೋ ಏನೋ ಒಂದು ಉಪಾಯವಿತ್ತು. ಐದೂಕಾಲಿಗೆ ಯಾವ ಕ್ಲಿನಿಕ್ಕಿಗೆ ಹೋಗುವುದು? ಕಳೆದುಹೋಗಿದ್ದ ಆ ಇಂಚು ಎಷ್ಟು ಒಳ್ಳೆಯ ನೆಪವಾಗಿತ್ತು ಎಂದು ಅವನಿಗೆ ಆಗ ಗೊತ್ತಾಯಿತು. ಸೋಮವಾರದ ಹೆಸರನ್ನು ತೆಗೆಸಲು ಫೋನು ಹೊರಗೆ ತೆಗೆದವನು ಮತ್ತೆ ಜೇಬಿಗೆ ಇಳಿಸಿದ.

ಭಾನುವಾರ ಮಧ್ಯಾಹ್ನ ಹೆಂಡತಿ ನಡುಮನೆಯ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಿಚುತ್ತಿದ್ದಳು. ಕಿಟಕಿಯ ಬಿಸಿಲು ಮಂಚದ ಮೇಲೇ ಬಿದ್ದಿತ್ತು. ಮೇಸ್ತ್ರಿ ಎದುರು ಕುರ್ಚಿ ಎಳೆದುಕೊಂಡು, ಬಟ್ಟೆಯ ರಾಶಿಗೆ ಹೇಳುವವನಂತೆ ಎಲ್ಲವನ್ನೂ ಹೇಳಿದ. ಬಾಮೈದನ ಮಾತು, ಕದ್ದ ಟೇಪು, ಜೆಲ್ಲು, ಪಟ್ಟಿ, ಸೋಮವಾರ. ಒಂದು ಕಳೆದದ್ದನ್ನೂ ಮುಚ್ಚಿಡಲಿಲ್ಲ. ಆಕೆಯ ಕೈ ಒಂದು ಅಂಗಿಯ ತೋಳಿನ ಮೇಲೆ ನಿಂತಿತು.

"ನಡೆದು ತೋರಿಸಿದ್ನಾ ಅವನು?" ಎಂದಳು ಕೊನೆಗೆ. "ಅವನ ಸೊಂಟ ಹಿಡ್ಕೊಂಡಿದೆ ಅಂತ ಅವನ ಹೆಂಡ್ತಿ ದಿನಾ ಎಣ್ಣೆ ತಿಕ್ತಿದಾಳೆ."

ಮೇಸ್ತ್ರಿ ನಗಲಿಲ್ಲ. ಕೇಳಬೇಕಾದ್ದನ್ನು ಕೇಳಿದ. "ಮತ್ತೆ ನೀನು ಯಾಕೆ ಬರ್ಲಿಲ್ಲ?"

"ನೀವು ಕರೆದ್ರಾ?"

ಆಕೆ ಅಂಗಿಯನ್ನು ಮಡಿಚಿದಳು, ಬಿಡಿಸಿದಳು, ಮತ್ತೆ ಮಡಿಚಿದಳು. ಆಸ್ಪತ್ರೆಯಿಂದ ಬಂದ ದಿನದಿಂದ ಅವನು ತನ್ನ ಕಡೆ ನೋಡುವುದನ್ನೇ ಬಿಟ್ಟಿದ್ದನಂತೆ. ಬಟ್ಟೆ ಬದಲಿಸುವಾಗ ಆಚೆ ಹೋಗುತ್ತಿದ್ದನಂತೆ. ಒಳಗಿನದೆಲ್ಲ ತೆಗೆಸಿಕೊಂಡು ಬಂದವಳು, ಇನ್ನು ಇವಳಲ್ಲಿ ಏನಿದೆ ಎಂದು ಅಸಹ್ಯಪಟ್ಟಿರಬೇಕು ಎಂದುಕೊಂಡಳಂತೆ. ನೋವಾದೀತೆಂದು ಹೆದರಿದ್ದೆ ಎಂದು ಅವನು ಹೇಳಿದ. ಆ ಮಾತು ಎಂಟು ತಿಂಗಳು ತಡವಾಗಿ ಬಂದಿತ್ತು.

"ನಾನು ಹೊಟ್ಟೆ ಕೊಯ್ಸಿಕೊಂಡೆ, ವಿಧಿ ಇರ್ಲಿಲ್ಲ," ಎಂದಳು. ಧ್ವನಿ ಏರಲಿಲ್ಲ. "ನೀವು ಸುಮ್ಮನೆ ಇದ್ದದ್ದನ್ನ ಕೊಯ್ಸಿಕೊಳ್ಳೋಕೆ ಹೊರಟ್ರಿ. ಮೂರು ಹೆಜ್ಜೆ ಆಚೆ ಮಲಗಿದ್ದೋಳನ್ನ ಕೇಳೋದು ಅದಕ್ಕಿಂತ ಕಷ್ಟ ಆಯ್ತಾ?"

ಆಗಿತ್ತು.

ಆಕೆ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿದಳು. ಅವನು ಎದ್ದು ಕಿಟಕಿ ಮುಚ್ಚಲು ಹೋದಾಗ ಬೇಡ ಎಂದಳು. ಸೊಂಟದ ಬಟ್ಟೆಯನ್ನು ನಾಲ್ಕು ಬೆರಳು ಕೆಳಗೆ ಸರಿಸಿ, ಬಿಸಿಲಿನಲ್ಲಿ ತೋರಿಸಿದಳು.

"ನೋಡಿ ಮೇಸ್ತ್ರಿ. ಕೆಲಸ ಹೇಗಿದೆ?"

ಅಡ್ಡಕ್ಕೆ ಒಂದು ಗೆರೆ. ತುದಿಯಲ್ಲಿ ಸ್ವಲ್ಪ ಸುಕ್ಕು, ನಡುವೆ ಇನ್ನೂ ಕಂದು. ಮೇಸ್ತ್ರಿ ಮಂಡಿಯೂರಿ ಕೂತು, ಒಂದು ಕಣ್ಣು ಕಿರಿದು ಮಾಡಿ, ಹಲಗೆಯ ಅಂಚನ್ನು ನೋಡುವಂತೆ ಈ ತುದಿಯಿಂದ ಆ ತುದಿಗೆ ನೋಡಿದ.

"ನೇರವಾಗಿದೆ," ಎಂದ. ಮರ ಉಜ್ಜಿ ಒರಟಾದ ಕೈಯನ್ನು ಮುಂದೆ ಚಾಚಿ ಅರ್ಧದಲ್ಲೇ ನಿಲ್ಲಿಸಿದ.

"ಮುಟ್ಟಿ. ಬಿರುಕು ಬಿಡಲ್ಲ."

ಮುಟ್ಟಿದ.

"ನಾಳೆ ಅವರಿಗೆ ಫೋನ್ ಮಾಡಿ ಏನಂತೀರಿ?"

"ಬರಲ್ಲ ಅಂತೀನಿ."

"ಯಾಕೆ ಅಂತ ಕೇಳ್ತಾರೆ."

ಮೇಸ್ತ್ರಿ ಯೋಚಿಸಿದ. "ಮನೆ ಕೆಲಸ ಬಾಕಿ ಬಿದ್ದಿದೆ ಅಂತೀನಿ. ಎಂಟು ತಿಂಗಳದ್ದು."

ಆಕೆ ನಗು ಬಂದೊಡನೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ಹೊಲಿಗೆ ಬಿಚ್ಚೀತೆಂದು ಹಿಡಿದು ಹಿಡಿದು ರೂಢಿಯಾಗಿತ್ತು. ಹಿಡಿದ ಮೇಲೆ ನೋಯುತ್ತಿಲ್ಲ ಎಂದು ಗೊತ್ತಾಯಿತು. ಕೈ ಬಿಟ್ಟು ನಕ್ಕಳು.