ರಾಗಿಯನ್ನು ಕರೆಯುವ ಬಗೆ

ಬಿಳಿ ಬಟ್ಟೆಯ ಮೇಲೆ ರಾಗಿ ಚೆಲ್ಲಿದಂತಿದ್ದ ಡಾಲ್ಮೇಷಿಯನ್ ಮರಿಗೆ ರಾಗಿ ಎಂದೇ ಹೆಸರಾಯಿತು. ಅವಲಪಲ್ಲಿಯ ಮುರುಗೇಶನ ಮನೆಯಿಂದ ಗಡಿಯೂರು ಆಲಸನತ್ತಂನ ಸುರೇಂದ್ರನ ಮನೆಗೆ ಬಂದ ಮೇಲೆ ಅದು ಯಾರು ಕೂಗಿದರೂ ತಿರುಗಲಿಲ್ಲ.

“ತಮಿಳ್ರ ಮನೇಲಿ ಹುಟ್ಟಿದ್ದು ಕಣ್ಲಾ, ಕನ್ನಡ ಎಲ್ಲಿಂದ ಬಂದಾತು?” ಎಂದಳು ಅಜ್ಜಿ ಗೋವಿಂದಮ್ಮ.

ಮಗ ಸುರೇಂದ್ರ ಫ್ಯಾಕ್ಟರಿಯಿಂದ ಬಂದವನೇ “ವಾ, ವಾ” ಎಂದು ತಮಿಳಿನಲ್ಲಿ ಕರೆದ. ಪಕ್ಕದ ಮನೆಯ ಪಾಪಮ್ಮ “ರಾವೇ” ಎಂದು ತೆಲುಗಿನಲ್ಲಿ ಬೇಡಿಕೊಂಡಳು. ರಾಗಿ ತನ್ನ ಒಂದು ನೀಲಿ ಕಣ್ಣು, ಒಂದು ಕಂದು ಕಣ್ಣಿನಿಂದ ಸೀಬೆಮರದ ಎಲೆ ಅಲ್ಲಾಡುವುದನ್ನೇ ನೋಡುತ್ತ ಕೂತಿತ್ತು.

“ಮೂರು ಭಾಷೆಗೂ ಜಂಬ ಮಾಡ್ತದಲ್ಲೇ ಇದು!” ಪಾಪಮ್ಮ ನಕ್ಕಳು.

ಸುರೇಂದ್ರನ ಮಗಳು ಭಾನು ಮಾತ್ರ ಕರೆಯುತ್ತಲೇ ಇರಲಿಲ್ಲ. ಡಿಗ್ರಿ ಮುಗಿಸಿದ್ದರೂ ನಾಲ್ಕು ಜನರ ಮುಂದೆ ಬಾಯಿ ಬಾರದ ಹುಡುಗಿ. ಅವಳು ಹಿಮ್ಮಡಿಯಿಂದ ನೆಲ ತಟ್ಟಿ ಅಂಗೈ ಚಾಚಿದರೆ ಸಾಕು, ರಾಗಿ ಓಡಿಬರುತ್ತಿತ್ತು.

ದೀಪಾವಳಿಗೆ ಬೀದಿಯ ನಾಯಿಗಳೆಲ್ಲ ಮೋರಿಯೊಳಗೆ ನುಸುಳಿದವು. ಸರಪಟಾಕಿ ಸಿಡಿಯುತ್ತಿದ್ದ ಅಂಗಳದಲ್ಲೇ ರಾಗಿ ಹಾಯಾಗಿ ನಿದ್ದೆಹೋಗಿತ್ತು.

“ಧೈರ್ಯ ಅಂದ್ರೆ ಇದು!” ಎಂದ ಸುರೇಂದ್ರ. ಭಾನುವಿಗೆ ಮಾತ್ರ ಬೇರೇನೋ ಅನುಮಾನ ಹುಟ್ಟಿತು.

ಮರುದಿನ ಒಬ್ಬಳೇ ರಾಗಿಯನ್ನು ಪಶುವೈದ್ಯರ ಬಳಿ ಕರೆದೊಯ್ದಳು. ಅವರು ನಾಯಿಯ ಬೆನ್ನಹಿಂದೆ ಬೀಗದ ಕೈಗೊಂಚಲು ಅಲ್ಲಾಡಿಸಿದರು, ತಟ್ಟೆ ಬಡಿದರು. “ಹುಟ್ಟುಕಿವುಡು ಕಣಮ್ಮ. ಈ ಜಾತೀಲಿ ರಕ್ತದಲ್ಲೇ ಬರುತ್ತೆ. ಚೆನ್ನಾಗಿ ಸಾಕು. ಮರಿ ಮಾತ್ರ ಹಾಕಿಸಬೇಡ.”

ಹೇಳಿದರೆ ಅಪ್ಪ ನಾಯಿಯನ್ನು ವಾಪಸ್ ಕಳಿಸಿಬಿಟ್ಟರೆ? ಭಾನು ಆ ಮಾತನ್ನು ಡೈರಿಯೊಳಗೇ ಬಚ್ಚಿಟ್ಟಳು. ಮಂಜು ಕವಿದ ಬೆಳಗುಗಳಲ್ಲಿ ರಾಗಿಯ ಪಕ್ಕ ಕೂತರೆ ಊರ ಸದ್ದೆಲ್ಲ ಆ ಕಿವಿಗಳೊಳಗೆ ಕರಗಿಹೋದಂತೆ ಅನಿಸುತ್ತಿತ್ತು. ನಿದ್ದೆಯಲ್ಲಿ ರಾಗಿಯ ಕಿವಿ ಸಣ್ಣಗೆ ಅದುರುತ್ತಿತ್ತು. ಕನಸಿನಲ್ಲಿ ಇದಕ್ಕೆ ಏನು ಕೇಳಿಸೀತು?

ಬೇಸಿಗೆಯಲ್ಲಿ ಮುರುಗೇಶ ಆಟೋದಲ್ಲಿ ಬಂದಿಳಿದ. “ನಮ್ಮ ಗಂಡುನಾಯಿ ಜೊತೆ ಕ್ರಾಸ್ ಮಾಡ್ಸೋಣ ಅಣ್ಣಾ. ಮೊದಲ್ನೇ ಮರಿ ನಮ್ಮ ಪಾಟಿಗೆ!” ಎಂದು ಅಜ್ಜಿಯ ಕಡೆ ಕೈ ತೋರಿದ.

“ಅಂಚೆಟ್ಟೀಲಿರೋ ನನ್ನ ತಂಗಿಗೊಂದು ಬೇಕು,” ಅಜ್ಜಿ ಅರಳಿದಳು.

ಬಾಗಿಲಲ್ಲಿ ನಿಂತಿದ್ದ ಭಾನುವಿನ ಕಣ್ಣಮುಂದೆ ಮಂಜು ಇಳಿದಂತಾಯಿತು. ಅದರೊಳಗೆ ಬಿಳಿ ಮರಿಗಳು ಒಂದೊಂದೇ ನಡೆದುಹೋಗುತ್ತಿದ್ದವು. ಯಾರೋ ಕೂಗುತ್ತಿದ್ದರು, ಜಂಬವೆಂದು ಬೈಯುತ್ತಿದ್ದರು. ಎಲ್ಲೋ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು. ಒಂದು ಮರಿಯೂ ತಿರುಗಲಿಲ್ಲ.

“ಬ್ಯಾಡ.” ತನ್ನ ದನಿಗೆ ತಾನೇ ಬೆಚ್ಚಿದಳು. “ರಾಗಿಗೆ ಕಿವಿ ಕೇಳ್ಸಕ್ಕಿಲ್ಲಪ್ಪ, ಹುಟ್ದಾಗಿಂದ್ಲೂ. ಮರಿಗಳಿಗೂ ಬತ್ತದಂತೆ.”

ಸುರೇಂದ್ರ ರಾಗಿಯ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ. ರಾಗಿ ಸೀಬೆಮರ ನೋಡುತ್ತಿತ್ತು.

“ಸತ್ಯವಾಗ್ಲೂ ಗೊತ್ತಿರ್ಲಿಲ್ಲಣ್ಣ,” ಮುರುಗೇಶ ತಲೆ ತಗ್ಗಿಸಿದ. “ಇದನ್ನ ಕೊಡಿ. ಬೇರೆ ಒಳ್ಳೇ ಮರಿ ತಂದ್ಕೊಡ್ತೀನಿ.”

ಸುರೇಂದ್ರ ರಾಗಿಯ ಸರಪಳಿ ಕೈಗೆತ್ತಿಕೊಂಡ.

“ಲೋ ಸುರೇಂದ್ರ,” ಎಂದಳು ಅಜ್ಜಿ. “ನಂಗೂ ಎಡಗಿವಿ ಕೇಳಕ್ಕಿಲ್ಲ. ನಮ್ಮಪ್ಪನ ಬಳುವಳಿ. ನನ್ನೂ ಅದೇ ಆಟೋಗೆ ಹತ್ತಿಸ್ಬುಡ್ತೀಯೇನ್ಲಾ?”

ಮುರುಗೇಶನೇ ಮೊದಲು ನಕ್ಕ. ಸುರೇಂದ್ರ ಸರಪಳಿಯನ್ನು ಕೆಳಗಿಟ್ಟು, ಮಗಳ ಕಾಲನ್ನು ಒಂದು ಗಳಿಗೆ ನೋಡಿದ. ಆಮೇಲೆ ನಾಚುತ್ತಲೇ ಹಿಮ್ಮಡಿಯಿಂದ ನೆಲ ತಟ್ಟಿದ.

ರಾಗಿ ತಿರುಗಿ ಭಾನುವನ್ನು ನೋಡಿತು. ತಟ್ಟಿದ್ದು ಅವಳಲ್ಲವೆಂದು ತಿಳಿದು ಸುರೇಂದ್ರನನ್ನು ನೋಡಿತು. ಆಮೇಲೆ ನಿಧಾನವಾಗಿ ಎದ್ದು ಅವನ ಕಡೆ ಬಂತು.